ಗಣಿತಜ್ಞ ಮಹಾವೀರಾಚಾರ್ಯರು

ಆಶಯ: ಗಣಿತವೆಂದರೆ ಹೆದರುವ ಮಕ್ಕಳು ಬಹಳ. ಸಾವಿರ ವರ್ಷಗಳಿಗೂ ಹಿಂದೆ, ನಮ್ಮ ನೆರೆಯ ಮಾನ್ಯಖೇಟದಿಂದ ರಾಷ್ಟ್ರಕೂಟರು ಆಳುತ್ತಿದ್ದ ಕಾಲದಲ್ಲಿ, ಗುಣಾಕಾರವನ್ನು ಹೂವು, ರತ್ನ, ಹಾರಗಳ ಮೂಲಕ ಕಲಿಸಿದ ಆಚಾರ್ಯರೊಬ್ಬರಿದ್ದರು. ಅವರ ಬದುಕನ್ನೂ ಕೃತಿಯನ್ನೂ ಪರಿಚಯಿಸುವುದು ಈ ಪಾಠದ ಆಶಯ.

ಮಕ್ಕಳೇ, ನೀವು ಎಷ್ಟರವರೆಗೆ ಮಗ್ಗಿ ಕಲಿತಿದ್ದೀರಿ? ಹತ್ತರವರೆಗೋ, ಇಪ್ಪತ್ತರವರೆಗೋ? ಮೊದಲ ಸಲ ಮಗ್ಗಿ ಹೇಳಿದ ದಿನಗಳು ನಿಮಗೆ ನೆನಪಿವೆಯೇ? ಗುರುಗಳು ಮುಂದೆ ಹೇಳುತ್ತಿದ್ದರು, ನೀವೆಲ್ಲ ಹಿಂದೆ ರಾಗವಾಗಿ ಹೇಳುತ್ತಿದ್ದಿರಿ. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು. ನಿಮ್ಮ ಓಣಿಯ ತೆಲುಗು ಮಾಧ್ಯಮದ ಗೆಳೆಯರು ಮಗ್ಗಿಯನ್ನು ಎಕ್ಕಾಲು ಎನ್ನುತ್ತಾರೆ. ಅವರು ರೆಂಡು ರೆಳ್ಳು ನಾಲುಗು ಎಂದು ಹೇಳುತ್ತಾರೆ. ನುಡಿ ಬೇರೆ, ರಾಗ ಬೇರೆ. ಆದರೆ ಉತ್ತರ ಮಾತ್ರ ಒಂದೇ. ನಾರಾಯಣಪೇಟೆಯಲ್ಲಿ ನಾಲ್ಕಾದದ್ದು ಗದ್ವಾಲದಲ್ಲಿ ಐದಾಗುವುದಿಲ್ಲ. ಕನ್ನಡದಲ್ಲಿ ನಾಲ್ಕಾದದ್ದು ತೆಲುಗಿನಲ್ಲಿ ಮೂರಾಗುವುದಿಲ್ಲ.

ಮಗ್ಗಿ ಬಾಯಿಗೆ ಬಂದರೆ ಸಾಕೇ? ಏಳೆಂಟ್ಲೆ ಐವತ್ತಾರು ಎಂದು ಥಟ್ಟನೆ ಹೇಳುವ ಹುಡುಗನನ್ನು, ಏಳು ಬುಟ್ಟಿಗಳಲ್ಲಿ ಎಂಟೆಂಟು ಮಾವಿನ ಹಣ್ಣು ಇಟ್ಟರೆ ಒಟ್ಟು ಎಷ್ಟು ಎಂದು ಕೇಳಿ ನೋಡಿ. ಕೆಲವೊಮ್ಮೆ ಅವನು ಕೂಡಬೇಕೋ ಗುಣಿಸಬೇಕೋ ತಿಳಿಯದೆ ತಡವರಿಸುತ್ತಾನೆ. ಮಗ್ಗಿ ಅವನ ಬಾಯಲ್ಲಿದೆ, ಬುದ್ಧಿಗೆ ಇನ್ನೂ ಇಳಿದಿಲ್ಲ.

ಈಗ ನಾರಾಯಣಪೇಟೆಯ ಚೌಕಳಿ ಸೀರೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಾಸಿನ ದಾರಗಳು ಉದ್ದಕ್ಕೆ, ಹೊಕ್ಕಿನ ದಾರಗಳು ಅಡ್ಡಕ್ಕೆ. ಬಣ್ಣದ ಗೆರೆಗಳು ಒಂದನ್ನೊಂದು ದಾಟಿದಲ್ಲೆಲ್ಲ ಚೌಕಗಳು ಮೂಡುತ್ತವೆ. ಸೀರೆಯ ಒಂದು ಭಾಗದಲ್ಲಿ ಅಡ್ಡಕ್ಕೆ 15 ಚೌಕ, ಉದ್ದಕ್ಕೆ 12 ಸಾಲು ಇವೆ ಎನ್ನೋಣ. ಒಟ್ಟು ಎಷ್ಟು ಚೌಕ? ಒಂದೊಂದಾಗಿ ಎಣಿಸುತ್ತ ಕುಳಿತರೆ ಕಣ್ಣು ನೋಯುತ್ತದೆ. ಹದಿನೈದನ್ನು ಹನ್ನೆರಡು ಸಲ ಕೂಡಬಹುದು, ಅದಕ್ಕೂ ಹೊತ್ತು ಬೇಕು. 15ನ್ನು 12ರಿಂದ ಗುಣಿಸಿದರೆ 180 ಎಂದು ಕ್ಷಣದಲ್ಲಿ ತಿಳಿಯುತ್ತದೆ. ಸೀರೆಯನ್ನು ತಿರುಗಿಸಿ ಹಿಡಿಯಿರಿ. ಈಗ 12 ಚೌಕಗಳ 15 ಸಾಲುಗಳು. ಆದರೂ 180. ಯಾವುದನ್ನು ಯಾವುದರಿಂದ ಗುಣಿಸಿದರೂ ಗುಣಲಬ್ಧ ಒಂದೇ ಎಂಬ ನಿಯಮವನ್ನು ಸೀರೆಯೇ ಹೇಳಿಕೊಟ್ಟಿತಲ್ಲವೇ?

ಹೀಗೆ ಕಣ್ಣಿಗೆ ಕಾಣುವ, ಮನಸ್ಸಿಗೆ ಹಿತವಾಗುವ ವಸ್ತುಗಳನ್ನು ಮುಂದಿಟ್ಟು ಗುಣಾಕಾರ ಕಲಿಸಿದ ಗುರು ಒಬ್ಬರಿದ್ದರು. ಅವರೇ ಮಹಾವೀರಾಚಾರ್ಯರು.

ಮಾನ್ಯಖೇಟದ ಅರಸ, ಗಣಿತದ ಆಚಾರ್ಯ

ನಾರಾಯಣಪೇಟೆಯಿಂದ ವಾಯವ್ಯ ದಿಕ್ಕಿಗೆ ಹೊರಟು ರಾಜ್ಯದ ಗಡಿ ದಾಟಿದರೆ ಕರ್ನಾಟಕದ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕು ಸಿಗುತ್ತದೆ. ಆ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮೇಲೆ ಮಳಖೇಡ ಎಂಬ ಊರಿದೆ. ಇಂದು ಅಲ್ಲಿ ಹಳೆಯ ಕೋಟೆಯೂ ನೇಮಿನಾಥ ಬಸದಿಯೂ ಕಾಣಸಿಗುತ್ತವೆ. ಈ ಊರಿನ ಹಳೆಯ ಹೆಸರು ಮಾನ್ಯಖೇಟ. ಒಂದು ಕಾಲದಲ್ಲಿ ಇದು ರಾಷ್ಟ್ರಕೂಟರ ವಿಶಾಲ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಮಾನ್ಯಖೇಟದ ಪಕ್ಕದಲ್ಲಿ ಹರಿದ ಕಾಗಿಣಾ ಮುಂದೆ ಭೀಮಾ ನದಿಯನ್ನು ಸೇರುತ್ತದೆ. ಭೀಮಾ ನದಿ ಮಕ್ತಲ್ ಸೀಮೆಯ ಅಂಚಿನಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ನೀರೇ ಗದ್ವಾಲದ ಬಳಿಯ ಜೂರಾಲ ಅಣೆಕಟ್ಟಿಗೆ ಬರುತ್ತದೆ. ಹಾಗಾದರೆ ಮಾನ್ಯಖೇಟ ನಮಗೆ ದೂರದ ಊರೇನೂ ಅಲ್ಲ.

ಕ್ರಿ.ಶ. 814ರಲ್ಲಿ ರಾಷ್ಟ್ರಕೂಟರ ಸಿಂಹಾಸನವನ್ನು ಏರಿದವನು ಅಮೋಘವರ್ಷ. ನೃಪತುಂಗ ಎಂಬುದು ಅವನ ಬಿರುದು. ಪಟ್ಟಕ್ಕೆ ಬಂದಾಗ ಅವನಿನ್ನೂ ಬಾಲಕ. ಆರಂಭದಲ್ಲಿ ದಂಗೆಗಳನ್ನು ಎದುರಿಸಿದರೂ ಮುಂದೆ 878ರವರೆಗೆ, ಅಂದರೆ ಸುಮಾರು 64 ವರ್ಷ ರಾಜ್ಯವಾಳಿದನು. ಯುದ್ಧಕ್ಕಿಂತ ವಿದ್ಯೆಯನ್ನು ಹೆಚ್ಚು ಪ್ರೀತಿಸಿದ ಅರಸನೆಂದು ಅವನಿಗೆ ಹೆಸರು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಜೈನ ಆಚಾರ್ಯ ಜಿನಸೇನರು, ವ್ಯಾಕರಣ ಬರೆದ ಶಾಕಟಾಯನರು ಅವನ ಕಾಲದವರು. ಅದೇ ಕಾಲದ ಇನ್ನೊಬ್ಬ ಹಿರಿಯ ವಿದ್ವಾಂಸರು ಮಹಾವೀರಾಚಾರ್ಯರು.

ಮಕ್ಕಳೇ, ಇಲ್ಲೊಂದು ಎಚ್ಚರಿಕೆ. ಮಹಾವೀರ ಎಂದೊಡನೆ ನಿಮಗೆ ಜೈನ ಧರ್ಮದ ಇಪ್ಪತ್ತನಾಲ್ಕನೆಯ ತೀರ್ಥಂಕರ ವರ್ಧಮಾನ ಮಹಾವೀರರು ನೆನಪಾಗಬಹುದು. ಅವರು ಬೇರೆ, ಇವರು ಬೇರೆ. ತೀರ್ಥಂಕರರು ಬಾಳಿ ಸುಮಾರು 1400 ವರ್ಷಗಳಾದ ಮೇಲೆ ಬಂದವರು ನಮ್ಮ ಆಚಾರ್ಯರು. ಅವರ ಹೆಸರನ್ನೇ ಹೊತ್ತ ಈ ಗಣಿತಜ್ಞರು ತಮ್ಮ ಗ್ರಂಥದ ಆರಂಭದಲ್ಲಿ ಅವರಿಗೇ ನಮಿಸಿದ್ದಾರೆ.

ಮಹಾವೀರಾಚಾರ್ಯರು ತಮ್ಮ ಊರು, ಹೆತ್ತವರು, ಬಾಲ್ಯ ಇವುಗಳ ಬಗೆಗೆ ಗ್ರಂಥದಲ್ಲಿ ಏನನ್ನೂ ಬರೆದುಕೊಂಡಿಲ್ಲ. ತಮ್ಮನ್ನು ಹೊಗಳಿಕೊಳ್ಳುವ ಆಸೆ ಅವರಿಗಿರಲಿಲ್ಲ. ಅರಸನಾದ ನೃಪತುಂಗನ ಗುಣಗಳನ್ನು ಕೊಂಡಾಡಿ, ಅವನ ಆಳ್ವಿಕೆ ಏಳಿಗೆ ಹೊಂದಲಿ ಎಂದು ಹಾರೈಸಿದ್ದಾರೆ. ತಮಗಿಂತ ಮೊದಲಿನ ಗಣಿತಜ್ಞರ ಉಪಕಾರವನ್ನು ನೆನೆದಿದ್ದಾರೆ. ಹಿಂದಿನವರ ಜ್ಞಾನ ಕಡಲಿನಂತೆ ವಿಸ್ತಾರವಾದದ್ದು, ಅದರಿಂದ ಆಯ್ದ ರತ್ನಗಳಷ್ಟೇ ತನ್ನ ಗ್ರಂಥ ಎಂಬ ವಿನಯ ಅವರದು. ಆದ್ದರಿಂದ ಮಹಾವೀರಾಚಾರ್ಯರ ಬದುಕನ್ನು ಅರಿಯಲು ಇರುವ ದಾರಿ ಒಂದೇ. ಅವರ ಗ್ರಂಥದ ಬಾಗಿಲು ತೆರೆಯುವುದು.

ಗುಣಾಕಾರದಿಂದ ಆರಂಭ

ಆ ಗ್ರಂಥದ ಹೆಸರು ಗಣಿತಸಾರಸಂಗ್ರಹ. ಕ್ರಿ.ಶ. 850ರ ಸುಮಾರಿನಲ್ಲಿ ರಚನೆಯಾದ ಈ ಗ್ರಂಥ ಸಂಸ್ಕೃತ ಭಾಷೆಯಲ್ಲಿದೆ. ಇದರಲ್ಲಿ ಒಂಬತ್ತು ಅಧ್ಯಾಯಗಳಿವೆ, 1100ಕ್ಕೂ ಹೆಚ್ಚು ಶ್ಲೋಕಗಳಿವೆ. ಅದಕ್ಕೂ ಹಿಂದೆ ನಮ್ಮ ದೇಶದಲ್ಲಿ ಗಣಿತವು ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಂದು ಭಾಗವಾಗಿ ಬರುತ್ತಿತ್ತು. ಆರ್ಯಭಟ, ಬ್ರಹ್ಮಗುಪ್ತ ಮುಂತಾದವರು ಸೂರ್ಯ, ಚಂದ್ರ, ಗ್ರಹಗಳ ಚಲನೆಯನ್ನು ಹೇಳುವ ಗ್ರಂಥಗಳಲ್ಲಿ ಗಣಿತದ ಅಧ್ಯಾಯಗಳನ್ನು ಸೇರಿಸಿದ್ದರು. ಮಹಾವೀರಾಚಾರ್ಯರು ಆಕಾಶದ ವಿಷಯವನ್ನು ಬದಿಗಿಟ್ಟು ಗಣಿತಕ್ಕಾಗಿಯೇ ಇಡೀ ಗ್ರಂಥವನ್ನು ಮೀಸಲಿಟ್ಟರು. ವ್ಯಾಪಾರ, ಅಡುಗೆ, ಸಂಗೀತ, ನಾಟಕ, ವೈದ್ಯ, ಮನೆ ಕಟ್ಟುವ ಕೆಲಸ ಹೀಗೆ ಲೋಕದ ಯಾವ ವ್ಯವಹಾರವೂ ಲೆಕ್ಕವಿಲ್ಲದೆ ನಡೆಯದು ಎಂಬುದು ಅವರ ನಂಬಿಕೆಯಾಗಿತ್ತು.

ಶ್ಲೋಕದಲ್ಲಿ ಲೆಕ್ಕವೇ ಎಂದು ನಿಮಗೆ ಆಶ್ಚರ್ಯವಾಗಬಹುದು. ಅಂದು ಅಚ್ಚಿನ ಪುಸ್ತಕಗಳಿರಲಿಲ್ಲ. ತಾಳೆಗರಿಯ ಪ್ರತಿಗಳು ಎಲ್ಲರ ಕೈಗೂ ಸಿಗುತ್ತಿರಲಿಲ್ಲ. ಗುರು ಹೇಳಿದ್ದನ್ನು ಶಿಷ್ಯ ಕಿವಿಯಿಂದ ಕೇಳಿ ನೆನಪಿನಲ್ಲಿಟ್ಟುಕೊಳ್ಳಬೇಕಿತ್ತು. ನಾವು ಮಗ್ಗಿಯನ್ನು ರಾಗವಾಗಿ ಹೇಳುವುದೂ ಇದೇ ಕಾರಣಕ್ಕೆ ಅಲ್ಲವೇ? ಶ್ಲೋಕದ ಲಯಕ್ಕೆ ಹೊಂದುವಂತೆ ಅಂಕಿಗಳಿಗೆ ಬದಲು ವಸ್ತುಗಳ ಹೆಸರನ್ನು ಬಳಸುತ್ತಿದ್ದರು. ಆಕಾಶ ಎಂದರೆ ಸೊನ್ನೆ. ಚಂದ್ರ ಎಂದರೆ ಒಂದು, ಏಕೆಂದರೆ ಚಂದ್ರನೊಬ್ಬನೇ. ಕಣ್ಣು ಎಂದರೆ ಎರಡು. ಬಿಡಿ ಸ್ಥಾನದಿಂದ ಆರಂಭಿಸಿ ಆಕಾಶ, ಕಣ್ಣು, ಚಂದ್ರ ಎಂದರೆ 120 ಎಂದರ್ಥ. ಏಕ, ದಶ, ಶತ ಎಂದು ಆರಂಭಿಸಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಮಹಾವೀರಾಚಾರ್ಯರು ಹೆಸರು ಕೊಟ್ಟಿದ್ದಾರೆ.

ಮೊದಲ ಅಧ್ಯಾಯದಲ್ಲಿ ಅಳತೆ, ತೂಕ, ಹೆಸರುಗಳ ಪರಿಚಯವಿದೆ. ಎರಡನೆಯ ಅಧ್ಯಾಯದಲ್ಲಿ ಲೆಕ್ಕ ಮಾಡುವ ಕ್ರಮಗಳು ಬರುತ್ತವೆ. ಅವುಗಳಲ್ಲಿ ಮೊದಲನೆಯದು ಯಾವುದು, ಹೇಳಬಲ್ಲಿರಾ? ಕೂಡುವುದು ಎಂದು ನೀವು ಹೇಳಬಹುದು. ಅಲ್ಲ! ಅವರ ಗ್ರಂಥದಲ್ಲಿ ಮೊದಲ ಕ್ರಮವೇ ಗುಣಾಕಾರ. ಬಳಿಕ ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ ಬರುತ್ತವೆ. ಸಾಮಾನ್ಯ ಸಂಕಲನ, ವ್ಯವಕಲನಗಳಿಗೆ ಅವರು ಪಾಠವನ್ನೇ ಇಟ್ಟಿಲ್ಲ. ಕೂಡುವುದು, ಕಳೆಯುವುದು ಬಂದವರಿಗೆ ಮುಂದಿನ ಮೆಟ್ಟಿಲು ಗುಣಾಕಾರ. ಆ ಮೆಟ್ಟಿಲ ಮೇಲೆ ಕಾಲು ಗಟ್ಟಿಯಾಗಿ ನಿಂತರೆ ಉಳಿದ ಗಣಿತವೆಲ್ಲ ಏರುವುದಕ್ಕೆ ಸುಲಭ.

ತಾವರೆ, ರತ್ನ, ಕೊರಳ ಹಾರ

ಗುಣಾಕಾರದ ಮೊದಲ ಲೆಕ್ಕದಲ್ಲಿ ಆಚಾರ್ಯರು ತಾವರೆ ಹೂಗಳನ್ನು ತರುತ್ತಾರೆ. ಒಂದೊಂದು ಜಿನಮಂದಿರಕ್ಕೆ ಎಂಟೆಂಟು ತಾವರೆಗಳನ್ನು ಅರ್ಪಿಸಿದರೆ 144 ಮಂದಿರಗಳಿಗೆ ಎಷ್ಟು ತಾವರೆ ಬೇಕು ಎಂಬುದು ಪ್ರಶ್ನೆ. ಮುಂದಿನ ಲೆಕ್ಕಗಳಲ್ಲಿ ರತ್ನಗಳು ಬರುತ್ತವೆ. ಪ್ರತಿ ಗುಂಪಿನಲ್ಲೂ ಸಮಾನವಾದಷ್ಟು ವಸ್ತುಗಳಿವೆ, ಅಂಥ ಗುಂಪುಗಳು ಇಷ್ಟು ಇವೆ ಎಂಬ ಚಿತ್ರ ಮೊದಲು ಕಣ್ಣಿಗೆ ಕಟ್ಟಬೇಕು. ಅಂಕಿಗಳು ಅನಂತರ.

ಗುಣಿಸುವ ಸುಲಭ ಉಪಾಯಗಳನ್ನೂ ಅವರು ಹೇಳಿದ್ದಾರೆ. ಒಂದು ಸಂಖ್ಯೆಯ ಕೆಳಗೆ ಇನ್ನೊಂದನ್ನು ಬಾಗಿಲಿನ ಜೋಡಣೆಯಂತೆ ಹೊಂದಿಸಿಟ್ಟು ಗುಣಿಸುವುದು ಒಂದು ಕ್ರಮ. ಅದಕ್ಕೆ ಕವಾಟಸಂಧಿ ಎಂದು ಹೆಸರು. ಕವಾಟ ಎಂದರೆ ಬಾಗಿಲು. ಇನ್ನೊಂದು ಉಪಾಯ ನಿಮಗೆ ಬಹಳ ಇಷ್ಟವಾಗುತ್ತದೆ. ಎರಡು ಸಂಖ್ಯೆಗಳಲ್ಲಿ ಒಂದನ್ನು ಯಾವುದರಿಂದ ಭಾಗಿಸುತ್ತೇವೆಯೋ ಇನ್ನೊಂದನ್ನು ಅದರಿಂದಲೇ ಗುಣಿಸಿದರೆ ಉತ್ತರ ಬದಲಾಗುವುದಿಲ್ಲ. ಮಾಡಿ ನೋಡೋಣ. 35ನ್ನು 18ರಿಂದ ಗುಣಿಸಬೇಕು. 18ನ್ನು ಅರ್ಧ ಮಾಡಿ, 9 ಆಯಿತು. 35ನ್ನು ಇಮ್ಮಡಿ ಮಾಡಿ, 70 ಆಯಿತು. ಈಗ ಏಳೊಂಬತ್ಲೆ ಅರವತ್ತಮೂರು, ಪಕ್ಕದಲ್ಲಿ ಒಂದು ಸೊನ್ನೆ. ಉತ್ತರ 630. ಬಾಯಿಲೆಕ್ಕದಲ್ಲೇ ಮುಗಿಯಿತು!

ಇನ್ನು ಅವರ ಹಾರಗಳನ್ನು ನೋಡಿ. ಕೆಲವು ಸಂಖ್ಯೆಗಳನ್ನು ಗುಣಿಸಿದಾಗ ಬರುವ ಉತ್ತರ ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ ಆಗಿರುತ್ತದೆ. ಕೊರಳ ಹಾರದಲ್ಲಿ ಎಡಗಡೆ ಹೇಗೆ ಮಣಿಗಳಿರುತ್ತವೆಯೋ ಬಲಗಡೆಯೂ ಹಾಗೆಯೇ ಇರುತ್ತವೆ. ಆದ್ದರಿಂದ ಇಂಥ ಉತ್ತರಗಳನ್ನು ಅವರು ಕಂಠಾಭರಣ, ಅಂದರೆ ಕೊರಳ ಒಡವೆ, ಎಂದು ಕರೆದರು. 139ನ್ನು 109ರಿಂದ ಗುಣಿಸಿರಿ. 139ನ್ನು 100ರಿಂದ ಗುಣಿಸಿದರೆ 13900. 9ರಿಂದ ಗುಣಿಸಿದರೆ 1251. ಎರಡನ್ನೂ ಕೂಡಿದರೆ 15151. ಇದೊಂದು ಪುಟ್ಟ ಹಾರ. 152207ನ್ನು 73ರಿಂದ ಗುಣಿಸಿದರೆ 11111111. ಎಂಟು ಮಣಿಗಳ ಹಾರ. 142857143ನ್ನು 7ರಿಂದ ಗುಣಿಸಿದರೆ 1000000001. ಎರಡು ತುದಿಗಳಲ್ಲಿ ಒಂದೊಂದು ರತ್ನ, ನಡುವೆ ಸೊನ್ನೆಗಳ ಸಾಲು.

ಎಲ್ಲಕ್ಕಿಂತ ಚೆಂದದ ಹಾರವೆಂದರೆ 12345679ನ್ನು 9ರಿಂದ ಗುಣಿಸಿದಾಗ ಬರುವುದು. ಈ ಸಂಖ್ಯೆಯಲ್ಲಿ 8 ಇಲ್ಲ, ಗಮನಿಸಿ. ಸ್ಲೇಟು ತೆಗೆದುಕೊಂಡು ಈಗಲೇ ಗುಣಿಸಿ. ಒಂಬತ್ತೊಂಬತ್ಲೆ ಎಂಬತ್ತೊಂದು, 1 ಬರೆದು 8ನ್ನು ಕೈಯಲ್ಲಿಟ್ಟುಕೊಳ್ಳಿ. ಏಳೊಂಬತ್ಲೆ ಅರವತ್ತಮೂರು, ಕೈಯಲ್ಲಿದ್ದ 8 ಸೇರಿ 71. ಮತ್ತೆ 1 ಬರೆದು 7 ಕೈಯಲ್ಲಿಟ್ಟುಕೊಳ್ಳಿ. ಆರೊಂಬತ್ಲೆ ಐವತ್ತನಾಲ್ಕು, 7 ಸೇರಿ 61. ಐದೊಂಬತ್ಲೆ ನಲವತ್ತೈದು, 6 ಸೇರಿ 51. ಮುಂದೆ 41, 31, 21, ಕೊನೆಗೆ 11. ಪ್ರತಿ ಸಲವೂ ಬರೆಯುವ ಅಂಕಿ 1 ಮಾತ್ರ! ಉತ್ತರ 111111111, ಒಂಬತ್ತು ಮಣಿಗಳ ಹಾರ.

ಇದನ್ನು ಮಾಡುವಾಗ ನೀವು ಒಂಬತ್ತರ ಮಗ್ಗಿಯನ್ನು, ಒಂಬತ್ತೆಂಟ್ಲೆ ಎಂಬುದೊಂದನ್ನು ಬಿಟ್ಟು, ಹೇಳಿಬಿಟ್ಟಿರಿ. ಬೇಸರವಾಯಿತೇ? ಇಲ್ಲ ತಾನೇ? ಮುಂದೇನು ಬರುತ್ತದೆ ಎಂಬ ಕುತೂಹಲವೇ ನಿಮ್ಮನ್ನು ಮುಂದಕ್ಕೆ ಕರೆದೊಯ್ದಿತು. ನಡುವೆ ಎಲ್ಲಿಯಾದರೂ 1ಕ್ಕೆ ಬದಲು ಬೇರೆ ಅಂಕಿ ಬಂದರೆ ತಪ್ಪಾಗಿದೆಯೆಂದು ನಿಮಗೇ ತಿಳಿಯುತ್ತಿತ್ತು. ಬೈಯುವವರೂ ಬೇಕಿಲ್ಲ, ತಿದ್ದುವವರೂ ಬೇಕಿಲ್ಲ. ಒಳ್ಳೆಯ ಲೆಕ್ಕವು ಮಗುವಿಗೆ ತಾನೇ ಗುರುವಾಗುತ್ತದೆ.

ಯುಗಾದಿಯ ಆರು ರುಚಿಗಳು ನಿಮಗೆ ಗೊತ್ತು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಈ ಆರು ರುಚಿಗಳನ್ನು ಬೇರೆ ಬೇರೆ ರೀತಿಯಲ್ಲಿ ಸೇರಿಸಿದರೆ ಎಷ್ಟು ಬಗೆಗಳಾಗುತ್ತವೆ ಎಂದೂ ಮಹಾವೀರಾಚಾರ್ಯರು ಒಂದು ಲೆಕ್ಕ ಹಾಕಿದ್ದಾರೆ. ಎರಡೆರಡನ್ನು ಸೇರಿಸುವ ಬಗೆ ಎಷ್ಟು? ಆರನ್ನು ಐದರಿಂದ ಗುಣಿಸಿ ಎರಡರಿಂದ ಭಾಗಿಸಿ. 15 ಆಗುತ್ತದೆ. ಒಂದೊಂದೇ ರುಚಿಯಿಂದ ಹಿಡಿದು ಆರೂ ಸೇರಿದ್ದರವರೆಗೆ ಎಲ್ಲವನ್ನೂ ಕೂಡಿದರೆ 63 ಬಗೆಗಳು. ಮನೆಯ ಯುಗಾದಿ ಪಚ್ಚಡಿಯ ಬಟ್ಟಲಿನಲ್ಲೂ ಗುಣಾಕಾರವಿದೆ ಎಂದಾಯಿತು.

ಆಚಾರ್ಯರ ಒಂದು ತಪ್ಪು

ದೊಡ್ಡವರೂ ತಪ್ಪು ಮಾಡುತ್ತಾರೆಯೇ? ಮಾಡುತ್ತಾರೆ. ಮಹಾವೀರಾಚಾರ್ಯರೂ ಒಂದು ಕಡೆ ತಪ್ಪಿದರು. ಆ ತಪ್ಪಿನಿಂದಲೂ ನಾವು ಕಲಿಯುವುದಿದೆ.

ಸೊನ್ನೆಯ ಬಗೆಗೆ ಅವರು ಕೆಲವು ನಿಯಮಗಳನ್ನು ಹೇಳಿದರು. ಒಂದು ಸಂಖ್ಯೆಗೆ ಸೊನ್ನೆಯನ್ನು ಕೂಡಿದರೆ ಅಥವಾ ಅದರಿಂದ ಸೊನ್ನೆಯನ್ನು ಕಳೆದರೆ ಆ ಸಂಖ್ಯೆ ಬದಲಾಗದು. ಇದು ಸರಿ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಇದೂ ಸರಿ. ಹತ್ತು ಬುಟ್ಟಿಗಳಲ್ಲಿ ಒಂದೊಂದರಲ್ಲೂ ಸೊನ್ನೆ ಹಣ್ಣು ಎಂದರೆ ಒಟ್ಟು ಹಣ್ಣು ಇಲ್ಲವೇ ಇಲ್ಲ. ಆದರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೂ ಅದು ಬದಲಾಗದು ಎಂದು ಅವರು ಹೇಳಿಬಿಟ್ಟರು. ಯಾರಿಗೂ ಹಂಚದೆ ಹೋದರೆ ಇದ್ದದ್ದು ಇದ್ದಂತೆಯೇ ಉಳಿಯುತ್ತದೆ ಎಂದು ಅವರು ಯೋಚಿಸಿರಬಹುದು.

ಇದು ಸರಿಯೋ ತಪ್ಪೋ ಎಂದು ನಾವು ಹೇಗೆ ಪರೀಕ್ಷಿಸುವುದು? ಅದಕ್ಕೆ ಗುಣಾಕಾರವೇ ಸಾಧನ. 12ನ್ನು 4ರಿಂದ ಭಾಗಿಸಿದರೆ 3. ಸರಿಯೇ ಎಂದು ನೋಡಲು 3ನ್ನು 4ರಿಂದ ಗುಣಿಸಿ. ಮತ್ತೆ 12 ಬಂತು, ಉತ್ತರ ಸರಿ. ಈಗ 12ನ್ನು ಸೊನ್ನೆಯಿಂದ ಭಾಗಿಸಿದರೆ 12 ಎಂದುಕೊಳ್ಳೋಣ. ಪರೀಕ್ಷೆಗೆ 12ನ್ನು ಸೊನ್ನೆಯಿಂದ ಗುಣಿಸಿ. ಸೊನ್ನೆ ಬಂತು, 12 ಬರಲಿಲ್ಲ! ಆಚಾರ್ಯರು ಹೇಳಿದ ಗುಣಾಕಾರದ ನಿಯಮವೇ ಅವರ ಭಾಗಾಕಾರದ ತಪ್ಪನ್ನು ಹಿಡಿದುಕೊಟ್ಟಿತು. ಸೊನ್ನೆಯಿಂದ ಗುಣಿಸಿದಾಗ 12 ಬರುವಂಥ ಸಂಖ್ಯೆ ಒಂದೂ ಇಲ್ಲ. ಆದ್ದರಿಂದಲೇ ಇಂದಿನ ಗಣಿತದಲ್ಲಿ ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವಿಲ್ಲ ಎನ್ನುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಬಂದ ಭಾಸ್ಕರಾಚಾರ್ಯರು ಸೊನ್ನೆಯಿಂದ ಭಾಗಿಸಿದರೆ ಅನಂತವಾಗುತ್ತದೆಂದು ಬಗೆದರು. ಹೀಗೆ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಿದ್ದರಿಂದಲೇ ಶಾಸ್ತ್ರ ಬೆಳೆಯಿತು.

ಮಕ್ಕಳೇ, ಇಲ್ಲಿ ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ. ಮಗ್ಗಿಯನ್ನು ಬರೀ ಬಾಯಿಪಾಠ ಮಾಡಿದವನಿಗೆ ಈ ತಪ್ಪು ಕಾಣುವುದಿಲ್ಲ. ದೊಡ್ಡವರು ಹೇಳಿದ್ದು ಎಂದು ಒಪ್ಪಿಬಿಡುತ್ತಾನೆ. ಗುಣಾಕಾರ ಎಂದರೇನು ಎಂದು ತಿಳಿದವನು ಹತ್ತು ವರ್ಷದ ಬಾಲಕನಾದರೂ ಸಾವಿರ ವರ್ಷದ ಗ್ರಂಥವನ್ನು ಪರೀಕ್ಷಿಸಬಲ್ಲ. ಹಾಗೆ ಪರೀಕ್ಷಿಸುವುದರಿಂದ ಗುರುವಿಗೆ ಅಗೌರವವಾಗುವುದಿಲ್ಲ. ಗುರು ಕೊಟ್ಟ ದೀಪದಿಂದಲೇ ಗುರುವಿನ ದಾರಿಯನ್ನು ನೋಡಿದಂತೆ ಅದು.

ಗಡಿ ದಾಟಿದ ಗ್ರಂಥ

ಮಹಾವೀರಾಚಾರ್ಯರು ಬರೆಯುತ್ತಿದ್ದ ಶತಮಾನದಲ್ಲೇ ದೂರದ ಬಾಗ್ದಾದ್ ನಗರದಲ್ಲಿ ಅಲ್ ಖ್ವಾರಿಜ್ಮಿ ಎಂಬ ವಿದ್ವಾಂಸನು ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ಅರಬ್ಬರಿಗೆ ತಿಳಿಸಿದನು. ಆ ಅಂಕಿಗಳು ಮುಂದೆ ಯುರೋಪನ್ನೂ ಸೇರಿದವು. ಇತ್ತ ಗಣಿತಸಾರಸಂಗ್ರಹ ದಕ್ಷಿಣ ಭಾರತದಲ್ಲಿ ಹರಡಿತು. ಸಂಸ್ಕೃತ ಬಾರದವರಿಗೂ ಈ ವಿದ್ಯೆ ಸಿಗಬೇಕೆಂದು ಕೆಲವರು ಶ್ರಮಿಸಿದರು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಎಂಬ ಕವಿ ಅದನ್ನು ತೆಲುಗಿಗೆ ತಂದನು. ಅವನು ಪದಕ್ಕೆ ಪದ ಇಟ್ಟು ಅನುವಾದಿಸದೆ, ತನ್ನ ನಾಡಿನ ಜನಕ್ಕೆ ಒಪ್ಪುವಂತೆ ಉದಾಹರಣೆಗಳನ್ನು ಮಾರ್ಪಡಿಸಿಕೊಂಡನು. ತೆಲುಗಿನಲ್ಲಿ ಇದೇ ಮೊದಲ ಗಣಿತ ಗ್ರಂಥವೆಂದು ಪ್ರಸಿದ್ಧವಾಗಿದೆ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ ಮುಂತಾದ ಗ್ರಂಥಗಳನ್ನು ಬರೆದನು.

ನೋಡಿದಿರಾ? ಕನ್ನಡ ಅರಸನ ಕಾಲದಲ್ಲಿ, ಸಂಸ್ಕೃತ ಭಾಷೆಯಲ್ಲಿ ಹುಟ್ಟಿದ ಗಣಿತ ತೆಲುಗಿನಲ್ಲಿ ಮೊದಲ ಗಣಿತ ಗ್ರಂಥವಾಯಿತು. ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು ಮಾತು ಆಡುವ ನಮ್ಮ ಕಡೆಯ ಮಕ್ಕಳಿಗೆ ಇದು ಹೊಸ ಸಂಗತಿಯೇನಲ್ಲ. ಗದ್ವಾಲದ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸುತ್ತಾರೆ. ಎರಡು ಬಗೆಯ ನೂಲು ಸೇರಿಯೂ ಸೀರೆ ಒಂದೇ. ವಿದ್ಯೆಯೂ ಹಾಗೆಯೇ.

ಕಾಲ ಕಳೆದಂತೆ ಗಣಿತಸಾರಸಂಗ್ರಹ ಹೆಚ್ಚಿನವರಿಗೆ ಮರೆತುಹೋಯಿತು. ಆದರೆ ತಾಳೆಗರಿಗಳು ಅದನ್ನು ಕಾಪಾಡಿದವು. ಕನ್ನಡ ಲಿಪಿಯ ಹಸ್ತಪ್ರತಿಗಳೂ ಕನ್ನಡದ ಟೀಕೆಯೂ ಉಳಿದಿದ್ದವು. ಮದರಾಸಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಹಲವು ಹಸ್ತಪ್ರತಿಗಳನ್ನು ಹೋಲಿಸಿ ನೋಡಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಗ್ರಂಥವನ್ನು ಅಚ್ಚು ಹಾಕಿಸಿದರು. ಗಣಿತದ ಚರಿತ್ರೆಯನ್ನು ಬಲ್ಲ ಅಮೆರಿಕದ ಡೇವಿಡ್ ಯುಜೀನ್ ಸ್ಮಿತ್ ಅದಕ್ಕೆ ಮುನ್ನುಡಿ ಬರೆದರು. ಒಂದು ಸಾವಿರ ವರ್ಷಗಳ ಮೇಲೆ ಮಹಾವೀರಾಚಾರ್ಯರ ಹೆಸರು ಲೋಕದ ಗಣಿತಜ್ಞರಿಗೆಲ್ಲ ತಿಳಿಯಿತು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊಂಬುಜದ ಜೈನ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು.

ನಿಮ್ಮ ಕೈಯಲ್ಲಿರುವ ಮಗ್ಗಿ

ಮಹಾವೀರಾಚಾರ್ಯರಿಗೆ ಸಮಾಧಿಯ ಕಲ್ಲು ಕಾಣುವುದಿಲ್ಲ, ಚಿತ್ರಪಟವೂ ಇಲ್ಲ. ಅವರ ನೆನಪು ಉಳಿದಿರುವುದು ಲೆಕ್ಕಗಳಲ್ಲಿ. ಅರಸನ ಕೋಟೆಯ ಗೋಡೆಗಳು ಬಿದ್ದವು, ಆಚಾರ್ಯರು ಕೋದ ಅಂಕಿಗಳ ಹಾರದಿಂದ ಒಂದು ಮಣಿಯೂ ಉದುರಲಿಲ್ಲ. ನೀವು ಇಂದು ಗುಣಿಸಿದರೂ 139 ಮತ್ತು 109 ಸೇರಿ 15151 ಆಗಿಯೇ ತೀರುತ್ತದೆ.

ನಿಮ್ಮ ಮನೆಯಲ್ಲಿ ಒಂದನೆಯ ಅಥವಾ ಎರಡನೆಯ ತರಗತಿ ಓದುವ ತಮ್ಮನೋ ತಂಗಿಯೋ ಇದ್ದಾರೆಯೇ? ಇಂದು ಸಂಜೆ ಅವರನ್ನು ಹತ್ತಿರ ಕೂರಿಸಿಕೊಳ್ಳಿ. ಮಗ್ಗಿ ಬಾರದಿದ್ದರೆ ಗದರಿಸಬೇಡಿ. ಒಂದು ಹಿಡಿ ಹುಣಸೆ ಬೀಜ ತೆಗೆದುಕೊಳ್ಳಿ. ಮೂರು ಮೂರು ಬೀಜಗಳ ನಾಲ್ಕು ಸಾಲು ಜೋಡಿಸಿರಿ. ಎಷ್ಟಾಯಿತೆಂದು ಅವರೇ ಎಣಿಸಲಿ. ಬಳಿಕ ಇನ್ನೊಂದು ಕಡೆಯಿಂದ ನೋಡಲು ಹೇಳಿ, ನಾಲ್ಕು ನಾಲ್ಕರ ಮೂರು ಸಾಲು ಕಾಣುತ್ತವೆ. ಎರಡೂ ಹನ್ನೆರಡೇ ಎಂದು ಕಂಡಾಗ ಅವರ ಕಣ್ಣು ಅರಳುವುದನ್ನು ನೋಡಿ. ಅದಾದ ಮೇಲೆ ಮೂರ್ನಾಲ್ಕ್ಲೆ ಹನ್ನೆರಡು ಎಂದು ರಾಗವಾಗಿ ಹೇಳಿಕೊಡಿ. ಕಣ್ಣಿನಿಂದ ಬುದ್ಧಿಗೆ, ಬುದ್ಧಿಯಿಂದ ಬಾಯಿಗೆ ಬಂದ ಮಗ್ಗಿ ಎಂದೂ ಮರೆಯದು.

ಹಾಗೆ ಕಲಿಸಿದ ದಿನ ನೀವೂ ಆ ಆಚಾರ್ಯರ ಸಾಲಿನಲ್ಲಿ ಸೇರಿದ ಪುಟ್ಟ ಗುರುಗಳು.

ಹೊಸ ಪದಗಳ ಅರ್ಥ

ಹಾಸು: ಮಗ್ಗದಲ್ಲಿ ಉದ್ದಕ್ಕೆ ಹಾಕಿದ ನೂಲು
ಹೊಕ್ಕು: ಮಗ್ಗದಲ್ಲಿ ಅಡ್ಡಕ್ಕೆ ನೇಯುವ ನೂಲು
ಚೌಕಳಿ: ಚೌಕ ಚೌಕವಾದ ವಿನ್ಯಾಸ
ಬಸದಿ: ಜೈನ ದೇವಾಲಯ
ಗುಣಲಬ್ಧ: ಗುಣಿಸಿದಾಗ ಬರುವ ಉತ್ತರ
ಕವಾಟ: ಬಾಗಿಲು
ಕಂಠಾಭರಣ: ಕೊರಳಿನ ಒಡವೆ
ಟೀಕೆ: ಗ್ರಂಥದ ಅರ್ಥವನ್ನು ತಿಳಿಸುವ ಬರಹ

ಅಭ್ಯಾಸ

1. ಮಾನ್ಯಖೇಟದ ಇಂದಿನ ಹೆಸರೇನು? ಅದು ಯಾವ ನದಿಯ ದಡದಲ್ಲಿದೆ?
2. ಗಣಿತವನ್ನು ಶ್ಲೋಕಗಳಲ್ಲಿ ಬರೆಯಲು ಕಾರಣವೇನು?
3. ಗಣಿತಸಾರಸಂಗ್ರಹದಲ್ಲಿ ಲೆಕ್ಕದ ಮೊದಲ ಕ್ರಮ ಯಾವುದು?
4. ಸೊನ್ನೆಯ ವಿಷಯದಲ್ಲಿ ಮಹಾವೀರಾಚಾರ್ಯರ ತಪ್ಪನ್ನು ಗುಣಾಕಾರದಿಂದ ಹೇಗೆ ಕಂಡುಹಿಡಿಯಬಹುದು? ನಿಮ್ಮ ಮಾತಿನಲ್ಲಿ ಬರೆಯಿರಿ.
5. ತಾವರೆ ಹೂವಿನ ಲೆಕ್ಕವನ್ನು ಬಿಡಿಸಿ ಉತ್ತರ ಬರೆಯಿರಿ.
6. 12345679ನ್ನು 18ರಿಂದ ಗುಣಿಸಿ. ಯಾವ ಹಾರ ಬಂತು? 27ರಿಂದ ಗುಣಿಸಿದರೆ ಏನು ಬರಬಹುದೆಂದು ಮೊದಲು ಊಹಿಸಿ, ಬಳಿಕ ಗುಣಿಸಿ ನೋಡಿ.
7. ನಿಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಸಾಲು ಸಾಲಾಗಿ ಕಾಣುವ ಐದು ವಸ್ತುಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಒಂದು ಗುಣಾಕಾರದ ಲೆಕ್ಕವನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಿರಿ.